‘ರಾಕ್ ಬಾಟಮ್’: ಬೀಳುವ ಮೊದಲೇ ಹುಟ್ಟಿದ ಹಾಡುಗಳು

ಇಂಗ್ಲೆಂಡಿನ ರಾಕ್ ಸಂಗೀತಗಾರ ರಾಬರ್ಟ್ ವಯಟ್ ಅವರ ಎರಡನೆಯ ಏಕವ್ಯಕ್ತಿ ಆಲ್ಬಂ ‘ರಾಕ್ ಬಾಟಮ್’ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಒಂದೇ ಕಥೆಯಿಂದ ಶುರುಮಾಡುತ್ತಾರೆ. 1973ರ ಜೂನ್ 1ರಂದು ಲಂಡನ್ನಿನ ಮೈಡಾ ವೇಲ್‌ನಲ್ಲಿ ಗೆಳೆಯರ ಪಾರ್ಟಿ ನಡೆದಿತ್ತು. ಚೆನ್ನಾಗಿ ಕುಡಿದಿದ್ದ ವಯಟ್ ಮೇಲಂತಸ್ತಿನ ಕಿಟಕಿಯಿಂದ ಕೆಳಗೆ ಬಿದ್ದರು. ಬೆನ್ನುಮೂಳೆ ಮುರಿಯಿತು, ಸೊಂಟದಿಂದ ಕೆಳಗೆ ದೇಹ ಶಾಶ್ವತವಾಗಿ ಸ್ವಾಧೀನ ತಪ್ಪಿತು. ಆಗ ಅವರಿಗೆ 28 ವರ್ಷ, ವೃತ್ತಿಯಿಂದ ಡ್ರಮ್ ವಾದಕ. ಮರುವರ್ಷ, 1974ರ ಜುಲೈ 26ರಂದು, ಈ ಆಲ್ಬಂ ಬಿಡುಗಡೆಯಾಯಿತು. ಇನ್ನು ಕೆಳಗಿಳಿಯಲು ಜಾಗವೇ ಇಲ್ಲ ಎನ್ನುವಂಥ ಹೆಸರು, ಅಳುವಿನ ಅಂಚಿನಲ್ಲಿ ನಿಂತ ತೆಳು ಕಂಠ, ನೀರಿನೊಳಗಿಂದ ಕೇಳಿಬರುವಂಥ ನಾದ. ಇದು ಆ ದುರಂತವನ್ನು ಕುರಿತ ಸಂಗೀತ ಎಂದು ಜನ ತೀರ್ಮಾನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ಕಾಲಕ್ರಮ ಈ ತೀರ್ಮಾನವನ್ನು ಒಪ್ಪುವುದಿಲ್ಲ. ಈ ಸಂಗೀತದ ದೊಡ್ಡ ಭಾಗ ಮೊಳೆತದ್ದು ಬೀಳುವುದಕ್ಕೆ ಕೆಲವು ತಿಂಗಳು ಮೊದಲು, ವೆನಿಸ್‌ನಲ್ಲಿ. ವಯಟ್ ಇದನ್ನು ಹಲವು ಸಲ ಹೇಳಿದ್ದಾರೆ, ಕೇಳಿಸಿಕೊಂಡವರು ಕಡಿಮೆ. ಹಾಗಾದರೆ ಅಪಘಾತ ಈ ಆಲ್ಬಂನಲ್ಲಿ ಬದಲಿಸಿದ್ದೇನು? ನನಗೆ ತೋರುವ ಉತ್ತರ ಇದು: ಅದು ಹಾಡುಗಳ ವಿಷಯವನ್ನು ಬದಲಿಸಲಿಲ್ಲ, ಹಾಡು ಕಟ್ಟುವ ರೀತಿಯನ್ನು ಬದಲಿಸಿತು. ಈ ವ್ಯತ್ಯಾಸ ಹಿಡಿದು ಕೇಳಿದರೆ ಮಾತ್ರ ‘ರಾಕ್ ಬಾಟಮ್’ ಎಷ್ಟು ವಿಶಿಷ್ಟ ಎಂಬುದು ಕಿವಿಗೆ ಬೀಳುತ್ತದೆ.

ವಯಟ್ ಹುಟ್ಟಿದ್ದು 1945ರಲ್ಲಿ, ಬ್ರಿಸ್ಟಲ್‌ನಲ್ಲಿ. ಬೆಳೆದದ್ದು ಇಂಗ್ಲೆಂಡಿನ ಆಗ್ನೇಯ ಮೂಲೆಯ ಕೆಂಟ್ ಪ್ರಾಂತ್ಯದಲ್ಲಿ. ಓದಿದ್ದು ಕ್ಯಾಂಟರ್‌ಬರಿಯ ಶಾಲೆಯಲ್ಲಿ. ಆ ಪುಟ್ಟ ಪಟ್ಟಣದ ಹುಡುಗರ ಗುಂಪೊಂದು ಜಾಝ್ ಕೇಳುತ್ತಾ, ಕವಿತೆ ಓದುತ್ತಾ, ರಾಕ್ ನುಡಿಸುತ್ತಾ ಬೆಳೆದು ಮುಂದೆ ಹಲವು ಬ್ಯಾಂಡ್‌ಗಳಾಗಿ ಕವಲೊಡೆಯಿತು. 1966ರಲ್ಲಿ ಹುಟ್ಟಿದ ‘ಸಾಫ್ಟ್ ಮೆಷಿನ್’ ಅವುಗಳಲ್ಲಿ ಮುಖ್ಯವಾದದ್ದು. ಅದರಲ್ಲಿ ವಯಟ್ ಡ್ರಮ್ಸ್ ನುಡಿಸುತ್ತಲೇ ಹಾಡುತ್ತಿದ್ದರು. 1968ರಲ್ಲಿ ಈ ಬ್ಯಾಂಡ್ ಜಿಮಿ ಹೆಂಡ್ರಿಕ್ಸ್ ಜೊತೆ ಅಮೆರಿಕ ಸುತ್ತಿತು.

ಆರ್ಟ್ ರಾಕ್ ಎಂದು ಕರೆಯುವ ಸಂಗೀತ ಸುಮಾರಾಗಿ ಇದೇ ಕಾಲದ್ದು. ಮೂರು ನಿಮಿಷದ ಪ್ರೇಮಗೀತೆಗೆ, ಕುಣಿಯುವ ತಾಳಕ್ಕೆ ರಾಕ್ ಕಟ್ಟುಬಿದ್ದಿರಬೇಕಿಲ್ಲ. ಜಾಝಿನ ಮನೋಧರ್ಮ, ಆಧುನಿಕ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಪ್ರಯೋಗ, ಟೇಪಿನ ಚಮತ್ಕಾರ, ಕಾವ್ಯ ಎಲ್ಲವೂ ಅದರೊಳಗೆ ಬರಬಹುದು ಎಂದು ನಂಬಿದವರ ಸಂಗೀತ ಅದು. ಆ ನಂಬಿಕೆ ಕೆಲವರನ್ನು ಒಣ ಪಾಂಡಿತ್ಯಕ್ಕೆ, ಬೆರಳಿನ ವೇಗದ ಪ್ರದರ್ಶನಕ್ಕೆ ಕೊಂಡೊಯ್ದದ್ದೂ ನಿಜ. ಸಾಫ್ಟ್ ಮೆಷಿನ್ ಕ್ರಮೇಣ ಹಾಡನ್ನೇ ಬಿಟ್ಟು ಬರಿಯ ವಾದ್ಯಸಂಗೀತದ ಕಡೆಗೆ ವಾಲಿತು. 1970ರ ಮೂರನೆಯ ಆಲ್ಬಂನಲ್ಲಿ ರೆಕಾರ್ಡಿನ ಒಂದು ಇಡೀ ಮುಖವನ್ನು ತುಂಬಿದ ‘ಮೂನ್ ಇನ್ ಜೂನ್’ ಆ ಬ್ಯಾಂಡಿನಲ್ಲಿ ವಯಟ್ ಹಾಡಿದ ಕೊನೆಯ ದೊಡ್ಡ ಹಾಡು. 1971ರಲ್ಲಿ ಅವರು ಹೊರಬಂದರು. ಅದು ಅವರಿಗೆ ಆಳವಾದ ಗಾಯ. ಎಷ್ಟೋ ವರ್ಷಗಳ ನಂತರವೂ ಆ ನೋವನ್ನು ಅವರು ಮುಚ್ಚಿಟ್ಟಿಲ್ಲ.

ಹೊರಬರುವ ಮೊದಲೇ, 1970ರಲ್ಲಿ, ಮೊದಲ ಏಕವ್ಯಕ್ತಿ ಆಲ್ಬಂ ‘ದಿ ಎಂಡ್ ಆಫ್ ಆ್ಯನ್ ಇಯರ್’ ಬಂದಿತ್ತು. ಅದರ ಹೊದಿಕೆಯ ಮೇಲೆ ತಾನೊಬ್ಬ ಕೆಲಸವಿಲ್ಲದ ಪಾಪ್ ಗಾಯಕ, ಸದ್ಯಕ್ಕೆ ಸಾಫ್ಟ್ ಮೆಷಿನ್‌ನಲ್ಲಿ ಡ್ರಮ್ಸ್ ನುಡಿಸುತ್ತಿದ್ದೇನೆ ಎಂಬರ್ಥದ ಪರಿಚಯವನ್ನು ಅವರೇ ಹಾಕಿಕೊಂಡರು. ಒಳಗಿನ ಸಂಗೀತದಲ್ಲಿ ಕಂಠ ಧಾರಾಳವಾಗಿದೆ, ಸಾಹಿತ್ಯ ಇಲ್ಲವೇ ಇಲ್ಲ. ಟೇಪಿನ ವೇಗವನ್ನು ಹೆಚ್ಚುಕಡಿಮೆ ಮಾಡಿ, ತನ್ನದೇ ದನಿಯನ್ನು ಪದರಪದರವಾಗಿ ಪೇರಿಸಿ, ಕೂಗಿ, ಉಲಿದು ಮಾಡಿದ ಪ್ರಯೋಗ ಅದು. ಕೇಳಲು ಕಷ್ಟ. ಆದರೆ ಎರಡನೆಯ ಆಲ್ಬಂನ ಬೀಜ ಅಲ್ಲಿದೆ: ಕಂಠವೂ ಒಂದು ವಾದ್ಯವಾಗಬಲ್ಲದು ಎಂಬ ಅರಿವು. ಪದಗಳು ಮಾತ್ರ ಇನ್ನೂ ಬಂದಿರಲಿಲ್ಲ.

ನಡುವೆ ‘ಮ್ಯಾಚಿಂಗ್ ಮೋಲ್’ ಎಂಬ ಬ್ಯಾಂಡ್ ಕಟ್ಟಿ 1972ರಲ್ಲಿ ಎರಡು ಆಲ್ಬಂ ತಂದರು, ವರ್ಷ ಮುಗಿಯುವಷ್ಟರಲ್ಲಿ ಅದನ್ನು ಮುಚ್ಚಿದರು. ಬ್ಯಾಂಡಿನ ನಾಯಕತ್ವ ಅವರ ಸ್ವಭಾವಕ್ಕೆ ಹೊಂದುವಂಥದ್ದಾಗಿರಲಿಲ್ಲ. ಆ ಚಳಿಗಾಲದಲ್ಲಿ ಅವರ ಸಂಗಾತಿ ಆಲ್ಫ್ರೀಡಾ (ಆಲ್ಫಿ) ಬೆಂಜ್, ನಿಕೋಲಸ್ ರೋಗ್ ನಿರ್ದೇಶನದ ‘ಡೋಂಟ್ ಲುಕ್ ನೌ’ ಚಿತ್ರದ ಕೆಲಸಕ್ಕೆಂದು ವೆನಿಸ್‌ಗೆ ಹೋದರು. ವಯಟ್ ಜೊತೆಗೆ ಹೋದರು. ಜೂಡೆಕಾ ದ್ವೀಪದಲ್ಲಿ, ನೀರಿಗೆ ಮುಖ ಮಾಡಿದ ದೊಡ್ಡ ಹಳೆಯ ಮನೆಯೊಂದರಲ್ಲಿ ವಾಸ. ಚಿತ್ರೀಕರಣದಲ್ಲಿ ಅವರಿಗೆ ಕೆಲಸವಿರಲಿಲ್ಲ. ಹೊತ್ತು ಕಳೆಯಲೆಂದು ಆಲ್ಫಿ ಅವರಿಗೊಂದು ಚಿಕ್ಕ, ಅಗ್ಗದ ಕೀಬೋರ್ಡ್ ಕೊಡಿಸಿದರು.

ಆ ಕೀಬೋರ್ಡ್ ಬಗ್ಗೆ ನಿಂತು ಹೇಳಲೇಬೇಕು. ಅದರ ಸ್ವರ ಸ್ಥಿರವಾಗಿ ನಿಲ್ಲುವುದಿಲ್ಲ, ಸದಾ ನಡುಗುತ್ತಿರುತ್ತದೆ. ಸುತ್ತಲಿನ ನೀರು ಮಿನುಗುವಂತೆಯೇ ಆ ನಾದವೂ ಮಿನುಗುತ್ತಿತ್ತು ಎಂದು ವಯಟ್ ನೆನೆದಿದ್ದಾರೆ. ಅಂಥ ವಾದ್ಯದ ಮುಂದೆ ಕುಳಿತವರಿಗೆ ವೇಗವಾಗಿ ನುಡಿಸುವ ಮನಸ್ಸಾಗುವುದಿಲ್ಲ. ಒಂದು ಸ್ವರಮೇಳ ಒತ್ತಿ ಹಿಡಿದು ಅದು ಅಲುಗುವುದನ್ನು ಕೇಳುತ್ತಾ ಕೂರುತ್ತೇವೆ. ತಂಬೂರಿ ಮೀಟುತ್ತಾ ಕುಳಿತವರಿಗೆ ರಾಗ ತಾನಾಗಿ ಕಾಣಿಸಿಕೊಳ್ಳುವಂತೆ, ಆ ನಡುಗುವ ಶ್ರುತಿಯ ಮೇಲೆ ವಯಟ್ ಅವರಿಗೆ ನಿಧಾನದ ರಾಗಗಳು ಹೊಳೆದವು. ‘ರಾಕ್ ಬಾಟಮ್’ನ ಗುಣವೇ ಆದ ಆ ನೀರಿನ ಅನುಭವ ಆಸ್ಪತ್ರೆಯ ಹಾಸಿಗೆಯಿಂದ ಬಂದದ್ದಲ್ಲ, ಈ ಕೀಬೋರ್ಡಿನಿಂದ ಬಂದದ್ದು.

ಲಂಡನ್ನಿಗೆ ಮರಳಿ ಈ ಹಾಡುಗಳನ್ನು ಹೊಸ ಬ್ಯಾಂಡಿನೊಂದಿಗೆ ನುಡಿಸಲು ಅವರು ಸಿದ್ಧತೆ ನಡೆಸುತ್ತಿದ್ದಾಗಲೇ ಆ ಜೂನ್ ರಾತ್ರಿ ಬಂತು.

ಚಿಕಿತ್ಸೆ ನಡೆದದ್ದು ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ. ಬೆನ್ನುಹುರಿಗೆ ಪೆಟ್ಟಾದವರ ಚಿಕಿತ್ಸೆಯಲ್ಲಿ ಜಗತ್ತಿಗೇ ದಾರಿ ತೋರಿಸಿದ ಜಾಗ ಅದು. 1948ರಲ್ಲಿ ವೈದ್ಯ ಲುಡ್ವಿಗ್ ಗುಟ್‌ಮನ್ ಅಲ್ಲಿನ ರೋಗಿಗಳಿಗಾಗಿ ಏರ್ಪಡಿಸಿದ ಆಟೋಟವೇ ಇಂದಿನ ಪ್ಯಾರಾಲಿಂಪಿಕ್ಸ್‌ನ ಮೂಲ. ವಯಟ್ ತಿಂಗಳುಗಟ್ಟಲೆ ಅಲ್ಲಿದ್ದರು. ಮೊದಲು ಅಂಗಾತ ಮಲಗಿ ಚಾವಣಿ ನೋಡುವುದೊಂದೇ ಕೆಲಸ. ಗಾಲಿಕುರ್ಚಿಗೆ ಬಂದ ಮೇಲೆ ಭೇಟಿಗೆ ಬರುವವರ ಕೋಣೆಯಲ್ಲಿ ಒಂದು ಹಳೆಯ ಪಿಯಾನೊ ಕಣ್ಣಿಗೆ ಬಿತ್ತು. ವೆನಿಸ್‌ನಲ್ಲಿ ಅರ್ಧ ರೂಪ ಪಡೆದಿದ್ದ ಹಾಡುಗಳು ಆ ಪಿಯಾನೊ ಮೇಲೆ ಮುಂದುವರಿದವು. ನವೆಂಬರ್‌ನಲ್ಲಿ ಪಿಂಕ್ ಫ್ಲಾಯ್ಡ್ ಮತ್ತು ಸಾಫ್ಟ್ ಮೆಷಿನ್ ಲಂಡನ್ನಿನ ರೇನ್‌ಬೋ ರಂಗಮಂದಿರದಲ್ಲಿ ಅವರ ನೆರವಿಗಾಗಿ ಕಾರ್ಯಕ್ರಮ ಕೊಟ್ಟವು. ಬಿಟ್ಟುಬಂದ ಬ್ಯಾಂಡೂ ಆ ವೇದಿಕೆಯ ಮೇಲಿತ್ತು ಎಂಬುದು ನನಗೆ ದೊಡ್ಡ ವಿಷಯ.

ಈಗ ತಾಂತ್ರಿಕವಾದ, ಆದರೆ ಎಲ್ಲಕ್ಕಿಂತ ಮುಖ್ಯವಾದ ಸಂಗತಿಗೆ ಬರೋಣ. ಡ್ರಮ್ಸ್ ಎಂದರೆ ಕೈಯಲ್ಲಿ ಹಿಡಿದ ಕೋಲುಗಳಷ್ಟೇ ಅಲ್ಲ. ನೆಲದ ಮೇಲಿರುವ ದೊಡ್ಡ ಬಾಸ್ ಡ್ರಮ್ ಅನ್ನು ಬಲಗಾಲಿನ ಪೆಡಲ್ ಹೊಡೆಯುತ್ತದೆ. ಹೈ-ಹ್ಯಾಟ್ ಎಂಬ ಜೋಡಿ ತಾಳವನ್ನು ಎಡಗಾಲು ತೆರೆದು ಮುಚ್ಚುತ್ತದೆ. ರಾಕ್ ಸಂಗೀತದ ನಡಿಗೆ ನಿಂತಿರುವುದು ಈ ಎರಡು ಪಾದಗಳ ಮೇಲೆ. ಕಾಲು ಹೋದರೆ ಆ ನಡಿಗೆ ಹೋಯಿತು. ಬ್ಯಾಂಡಿನಲ್ಲಿ ಡ್ರಮ್ ವಾದಕರ ಕೆಲಸವಾದರೂ ಏನು? ಎಲ್ಲರ ಕಾಲವನ್ನು ಹಿಡಿದು ನಿಲ್ಲಿಸುವುದು. ಧ್ವನಿಮುದ್ರಣದಲ್ಲಿಯೂ ಸಾಮಾನ್ಯವಾಗಿ ಮೊದಲು ಟೇಪಿಗೆ ಬೀಳುವುದು ಡ್ರಮ್ಸ್ ಮತ್ತು ಬಾಸ್. ಗಿಟಾರ್, ಕೀಬೋರ್ಡ್, ಕಂಠ ಅದರ ಮೇಲೆ ಒಂದೊಂದಾಗಿ ಏರುತ್ತವೆ. ಸುತ್ತಾಟದ ಬ್ಯಾಂಡಿಗಾದರೆ ಇನ್ನೂ ಒಂದು ಕಟ್ಟು ಇದೆ: ಪ್ರತಿ ಹಾಡಿನಲ್ಲಿಯೂ ಎಲ್ಲ ಸದಸ್ಯರಿಗೂ ಕೆಲಸ ಕೊಡಬೇಕು.

ಈ ಎರಡು ಕಟ್ಟೂ ವಯಟ್ ಪಾಲಿಗೆ ಒಟ್ಟಿಗೇ ಕಳಚಿದವು. ಬ್ಯಾಂಡ್ ಇಲ್ಲ, ಆದ್ದರಿಂದ ಒಂದೊಂದು ಹಾಡಿಗೂ ಬೇಕಾದವರನ್ನು ಮಾತ್ರ ಕರೆಯಬಹುದು. ಡ್ರಮ್ಸ್ ಇಲ್ಲ, ಆದ್ದರಿಂದ ಹಾಡಿನ ಕಾಲವನ್ನು ಬೇರೆ ಯಾವುದಾದರೂ ಹಿಡಿಯಬೇಕು. ಆ ನಷ್ಟ ಒಂದು ರೀತಿಯ ಬಿಡುಗಡೆಯೂ ಆಯಿತು ಎಂದು ಅವರೇ ಮುಂದೆ ಹೇಳಿದರು. ಈ ಮಾತನ್ನು ನಾವು ಅವರ ಬಾಯಿಂದ ಮಾತ್ರ ಕೇಳಬೇಕು. ಹೊರಗೆ ನಿಂತವರು ದುರಂತಕ್ಕೆ ಇಂಥ ಲಾಭ ಬರೆಯುವುದು ಸಭ್ಯತೆಯಲ್ಲ. ಆದರೆ ಆಲ್ಬಂ ಕೇಳಿದವರಿಗೆ ಅದು ಸಂಗೀತದ ಒಳಗಿನ ಸತ್ಯ ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ.

1974ರ ಆರಂಭದಲ್ಲಿ ವಿಲ್ಟ್‌ಶೈರ್ ಪ್ರಾಂತ್ಯದ ಲಿಟಲ್ ಬೆಡ್ವಿನ್ ಹಳ್ಳಿಯಲ್ಲಿ, ಗೆಳತಿ ಡೆಲ್ಫಿನಾ ಅವರ ತೋಟದ ಮನೆಯಲ್ಲಿ ಕೆಲಸ ಶುರುವಾಯಿತು. ವರ್ಜಿನ್ ಕಂಪನಿಯ ಧ್ವನಿಮುದ್ರಣ ಲಾರಿ ಹೊರಗೆ ನಿಂತಿತು, ಕೇಬಲ್‌ಗಳು ಒಳಗೆ ಬಂದವು. ಗಂಟೆಗಿಷ್ಟು ಎಂದು ಬಾಡಿಗೆ ಏರುವ ನಗರದ ಸ್ಟುಡಿಯೋದ ಅವಸರ ಅಲ್ಲಿಲ್ಲ. ಉಳಿದ ಕೆಲಸ ಲಂಡನ್ನಿನ ಸಿಬಿಎಸ್ ಸ್ಟುಡಿಯೋದಲ್ಲಿ. ನಿರ್ಮಾಪಕ ಪಿಂಕ್ ಫ್ಲಾಯ್ಡ್‌ನ ಡ್ರಮ್ ವಾದಕ ನಿಕ್ ಮೇಸನ್. ಹಿಂದಿನ ವರ್ಷವಷ್ಟೇ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಮೂಲಕ ಲೋಕಪ್ರಸಿದ್ಧವಾಗಿದ್ದ ಬ್ಯಾಂಡಿನವರು ಇವರು. ಆದರೂ ಇಲ್ಲಿ ಆ ಅದ್ಧೂರಿತನದ ಗಾಳಿ ಬೀಸುವುದಿಲ್ಲ. ಡ್ರಮ್ ವಾದಕರೊಬ್ಬರು ಇನ್ನೊಬ್ಬ ಡ್ರಮ್ ವಾದಕರಿಗಾಗಿ ಇಷ್ಟು ಕಡಿಮೆ ಡ್ರಮ್ಸ್ ಇರುವ ಆಲ್ಬಂ ಮಾಡಿಕೊಟ್ಟರು. ಆರು ಹಾಡುಗಳ ಪೈಕಿ ಪೂರ್ಣ ಡ್ರಮ್ಸ್ ಇರುವುದು ಎರಡರಲ್ಲಿ. ಅದನ್ನು ನುಡಿಸಿದವರು ಲಾರಿ ಅಲನ್. ಉಳಿದೆಡೆ ವಯಟ್ ಕೈಗೆ ಎಟುಕಿದ ಸಣ್ಣಪುಟ್ಟ ವಸ್ತುಗಳನ್ನು ತಟ್ಟುತ್ತಾರೆ. ಡೆಲ್ಫಿನಾ ಮನೆಯ ವೈನ್ ಗ್ಲಾಸು, ಟ್ರೇ ಕೂಡ ವಾದ್ಯಗಳ ಪಟ್ಟಿಯಲ್ಲಿವೆ.

ಮೊದಲ ಹಾಡು ‘ಸೀ ಸಾಂಗ್’. ಕೀಬೋರ್ಡಿನ ನಾಲ್ಕಾರು ಸ್ವರಮೇಳ, ರಿಚರ್ಡ್ ಸಿಂಕ್ಲೇರ್ ಅವರ ಬಾಸ್, ಅಷ್ಟರ ಮೇಲೆ ಆ ಎತ್ತರದ ಕಂಠ. ಪ್ರೀತಿಸಿದವಳು ಇಲ್ಲಿ ಕಡಲಿನ ಜೀವಿ, ಋತುಮಾನದೊಂದಿಗೆ ಬದಲಾಗುವವಳು. ಅವಳು ಕುಡಿದಾಗ, ನಡುರಾತ್ರಿಯಲ್ಲಿ ತನಗೆ ಹೆಚ್ಚು ಇಷ್ಟ, ಬೆಳಗಾದರೆ ಅರ್ಥವೇ ಆಗುವುದಿಲ್ಲ ಎನ್ನುತ್ತಾನೆ ಪ್ರೇಮಿ. ಕೊನೆಗೆ, ನಿನ್ನ ಹುಚ್ಚು ನನ್ನ ಹುಚ್ಚಿಗೆ ಸರಿಯಾಗಿ ಹೊಂದುತ್ತದೆ ಎಂಬ ಒಪ್ಪಿಗೆ. ಇಷ್ಟು ನಿಷ್ಠುರವಾಗಿ, ಇಷ್ಟು ಮೃದುವಾಗಿ ಹೇಳಿದ ಪ್ರೇಮಗೀತೆ ರಾಕ್ ಸಂಗೀತದಲ್ಲಿ ನನಗೆ ಇನ್ನೊಂದು ಸಿಕ್ಕಿಲ್ಲ. ಪದಗಳು ಮುಗಿದ ಮೇಲೂ ಕಂಠ ನಿಲ್ಲುವುದಿಲ್ಲ. ಸಾಹಿತ್ಯವಿಲ್ಲದ ಆಲಾಪದಲ್ಲಿ ಏರುತ್ತಾ, ಒಡೆಯುತ್ತಾ, ಹರಡುತ್ತಾ ಹೋಗುತ್ತದೆ. ಮೊದಲ ಆಲ್ಬಂನ ಪ್ರಯೋಗ ಇಲ್ಲಿ ಫಲಕ್ಕೆ ಬಂದಿದೆ. ಅಲ್ಲಿ ದನಿಯ ಆಟ ತಾನೇ ತಾನಾಗಿತ್ತು. ಇಲ್ಲಿ ಪದಗಳು ಒಯ್ಯಲಾರದ ಭಾರವನ್ನು ಅದು ಎತ್ತಿಕೊಳ್ಳುತ್ತದೆ.

ಎರಡನೆಯ ‘ಎ ಲಾಸ್ಟ್ ಸ್ಟ್ರಾ’ ಸಹ ಜಲದೊಳಗಿನ ಹಾಡೇ, ಸ್ವಲ್ಪ ಹಗುರ. ಮೂರನೆಯದು ‘ಲಿಟಲ್ ರೆಡ್ ರೈಡಿಂಗ್ ಹುಡ್ ಹಿಟ್ ದಿ ರೋಡ್’. ಅಪಘಾತದ ವಾದ ಮಾಡುವವರಿಗೆ ಬಲ ಸಿಗುವುದಾದರೆ ಇಲ್ಲಿಯೇ. ಬೇಡ, ನಿಲ್ಲಿಸು ಎಂಬ ಗಾಬರಿ, ಇಷ್ಟು ಒಳ್ಳೆಯವಳಾದ ನಿನ್ನನ್ನು ನಾನೇಕೆ ನೋಯಿಸಿದೆ ಎಂಬ ಪಶ್ಚಾತ್ತಾಪ, ಎಲ್ಲವೂ ಮುಗ್ಗರಿಸುತ್ತಾ ಹೊರಬರುತ್ತವೆ. ಸುತ್ತಲೂ ಮೊಂಗೇಜಿ ಫೇಜಾ ಅವರ ಟ್ರಂಪೆಟ್. ಒಂದೇ ಟ್ರಂಪೆಟ್ ಟೇಪಿನ ಮೇಲೆ ಪದರಗಳಾಗಿ ಹಿಂಡಾಗುತ್ತದೆ. ತಿರುಗುಮುರುಗಾಗಿ ಓಡಿಸಿದ ಟೇಪಿನ ನಾದವೂ ಅದರೊಳಗೆ ಬೆರೆಯುತ್ತದೆ. ಫೇಜಾ ದಕ್ಷಿಣ ಆಫ್ರಿಕಾದವರು. ‘ಬ್ಲೂ ನೋಟ್ಸ್’ ಎಂಬ ಜಾಝ್ ತಂಡದೊಂದಿಗೆ 1964ರಲ್ಲಿ ವರ್ಣಭೇದದ ಆಡಳಿತವನ್ನು ಬಿಟ್ಟು ಯೂರೋಪಿಗೆ ಬಂದವರು. ಈ ಆಲ್ಬಂ ಬಂದ ಮುಂದಿನ ವರ್ಷ, 1975ರ ಡಿಸೆಂಬರ್‌ನಲ್ಲಿ, ಕೇವಲ 30ರ ವಯಸ್ಸಿಗೆ ಲಂಡನ್ನಿನಲ್ಲಿ ತೀರಿಕೊಂಡರು. ಅವರ ಕೆಲವೇ ನಿಮಿಷಗಳ ಈ ನುಡಿಸಾಣಿಕೆಯನ್ನು ಕೇಳಿದಾಗಲೆಲ್ಲ ಎಂಥ ವಾದಕರನ್ನು ಸಂಗೀತಲೋಕ ಕಳೆದುಕೊಂಡಿತು ಎಂದು ಸಂಕಟವಾಗುತ್ತದೆ. ಹಾಡಿನ ತುದಿಯಲ್ಲಿ ಸ್ಕಾಟ್ಲೆಂಡಿನ ಕವಿ ಐವರ್ ಕಟ್ಲರ್ ತಮ್ಮ ನಿರ್ಲಿಪ್ತ ದನಿಯಲ್ಲಿ, ರಸ್ತೆಯಲ್ಲಿ ಮಲಗಿ ವಾಹನಗಳನ್ನು ಎಡವಿ ಬೀಳಿಸುವ, ಮುಳ್ಳುಹಂದಿಯೊಂದರ ಜೊತೆ ಸೇರಿ ಟೈರು ಒಡೆಯುವ ವಿಚಿತ್ರ ಪದ್ಯ ಹೇಳುತ್ತಾರೆ.

ಎರಡನೆಯ ಮುಖದ ‘ಅಲಿಫಿಬ್’ ಮತ್ತು ‘ಅಲೈಫ್’ ಒಂದೇ ಸಂಗತಿಯ ಎರಡು ಮಗ್ಗುಲು. ಡ್ರಮ್ಸ್ ಇಲ್ಲದ ಹಾಡಿನ ಕಾಲವನ್ನು ಯಾವುದು ಹಿಡಿಯಬೇಕು ಎಂಬ ಪ್ರಶ್ನೆಗೆ ‘ಅಲಿಫಿಬ್’ ಕೊಡುವ ಉತ್ತರ ಸರಳ: ಉಸಿರು. ಹಾಡು ಆರಂಭವಾಗುವುದು ಪಿಸುಮಾತಿನ ಒಂದು ಆವರ್ತನೆಯಿಂದ. ಆಲ್ಫಿಯ ಹೆಸರು ಉಸಿರಿನ ಏರಿಳಿತವಾಗಿ ಮತ್ತೆ ಮತ್ತೆ ಬರುತ್ತದೆ, ಅದೇ ತಾಳ. ಅದರ ಮೇಲೆ ನಡುಗುವ ಕೀಬೋರ್ಡ್. ಮೇಲುಗಡೆ ಸಾಫ್ಟ್ ಮೆಷಿನ್‌ನ ಹಳೆಯ ಗೆಳೆಯ ಹ್ಯೂ ಹಾಪರ್ ಬಾಸ್ ಗಿಟಾರಿನಲ್ಲಿ ರಾಗ ಹಾಡುತ್ತಾರೆ. ಸಾಮಾನ್ಯವಾಗಿ ಡ್ರಮ್ಸ್‌ಗೆ ಜೋಡಿಯಾಗಿ ತಳದಲ್ಲಿ ದುಡಿಯುವ ವಾದ್ಯ ಅದು. ಇಲ್ಲಿ ಡ್ರಮ್ಸ್ ಇಲ್ಲದ್ದರಿಂದ ಅದಕ್ಕೆ ಮೇಲೇರುವ ಅವಕಾಶ ಸಿಕ್ಕಿದೆ. ಬಹಳ ಹೊತ್ತಿನವರೆಗೆ ಹಾಡುಗಾರಿಕೆ ಶುರುವಾಗುವುದೇ ಇಲ್ಲ. ಕೊನೆಗೆ ಕಂಠ ಬಂದಾಗ ಅದು ಆಡುವುದು ಮಗುವಿನ ತೊದಲನ್ನು. ಅರ್ಥವಿರುವ ಪದ, ಅರ್ಥವಿಲ್ಲದ ಪದ ಬೇರ್ಪಡದಂತೆ ಕಲೆತಿವೆ. ಅದರ ನಡುವೆ ಸ್ಪಷ್ಟವಾಗಿ ಕೇಳುವುದು ಒಂದು ಸಂಬೋಧನೆ: ಆಲ್ಫಿ, ನೀನು ನನ್ನ ಉಗ್ರಾಣ.

‘ಅಲೈಫ್’ನಲ್ಲಿ ಅದೇ ಸಾಲುಗಳು ರಾಗ ಕಳೆದುಕೊಂಡು, ಮಾತಾಗಿ, ಆತಂಕದಿಂದ ಬರುತ್ತವೆ. ಗ್ಯಾರಿ ವಿಂಡೊ ಅವರ ಬಾಸ್ ಕ್ಲಾರಿನೆಟ್ ಮತ್ತು ಸ್ಯಾಕ್ಸೊಫೋನ್ ಗೊಣಗಿ, ಕೆರಳಿ, ಕಿರುಚುತ್ತವೆ. ಅದರ ಕೊನೆಯಲ್ಲಿ ಆಲ್ಫಿಯೇ ಮಾತನಾಡುತ್ತಾರೆ. ನಾನು ನಿನ್ನ ಉಗ್ರಾಣವಲ್ಲ, ಊಟವಲ್ಲ, ನಿನ್ನನ್ನು ಕಾಯುವವಳು ಎಂಬ ಧಾಟಿಯ ಉತ್ತರ ಕೊಡುತ್ತಾರೆ, ಪ್ರೀತಿಯಿಂದ, ಆದರೆ ಗದರುವ ದನಿಯಲ್ಲಿ. ಎಷ್ಟೋ ಪ್ರೇಮಗೀತೆಗಳಲ್ಲಿ ಹೆಣ್ಣು ಬರಿಯ ಸಂಬೋಧನೆಯಾಗಿ ಉಳಿಯುತ್ತಾಳೆ. ಇಲ್ಲಿ ಅವಳು ತನ್ನ ಮೇಲೆ ಹೊರಿಸಿದ ರೂಪಕವನ್ನೇ ನಿರಾಕರಿಸುತ್ತಾಳೆ, ಆ ನಿರಾಕರಣೆಯನ್ನು ಗಾಯಕ ತನ್ನ ಆಲ್ಬಂನಲ್ಲಿ ಉಳಿಸಿಕೊಳ್ಳುತ್ತಾನೆ. ನನ್ನ ಮಟ್ಟಿಗೆ ‘ರಾಕ್ ಬಾಟಮ್’ನ ಕೇಂದ್ರ ಇದೇ. ಇದು ಬಿದ್ದ ಒಬ್ಬನ ಒಂಟಿ ಗೋಳಾಗಿದ್ದರೆ ಇಲ್ಲಿ ಇನ್ನೊಬ್ಬರ ಉತ್ತರಕ್ಕೆ ಜಾಗವೇ ಇರುತ್ತಿರಲಿಲ್ಲ.

ಕೊನೆಯ ‘ಲಿಟಲ್ ರೆಡ್ ರಾಬಿನ್ ಹುಡ್ ಹಿಟ್ ದಿ ರೋಡ್’ನಲ್ಲಿ ಡ್ರಮ್ಸ್ ಮರಳುತ್ತದೆ, ಮೈಕ್ ಓಲ್ಡ್‌ಫೀಲ್ಡ್ ಅವರ ಗಿಟಾರ್ ಹಲವು ದನಿಗಳಾಗಿ ಎದ್ದು ನಿಲ್ಲುತ್ತದೆ. ಬಿಲಗಳಲ್ಲಿ ಸತ್ತುಬಿದ್ದ ಮೋಲ್‌ಗಳ, ಅಂದರೆ ನೆಲ ಕೊರೆದು ಬದುಕುವ ಪುಟ್ಟ ಪ್ರಾಣಿಗಳ, ಚಿತ್ರ ಸಾಹಿತ್ಯದಲ್ಲಿದೆ. ಮುಚ್ಚಿಹೋದ ಮ್ಯಾಚಿಂಗ್ ಮೋಲ್ ನೆನಪಾಗದೆ ಇರುವುದಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಎಲ್ಲ ನಿಂತು ಫ್ರೆಡ್ ಫ್ರಿತ್ ಅವರ ವಿಯೋಲಾ ಕೊರೆಯತೊಡಗುತ್ತದೆ, ಕಟ್ಲರ್ ತಮ್ಮ ಕನ್ಸರ್ಟೀನಾದೊಂದಿಗೆ (ಕೈಯಲ್ಲಿ ಹಿಡಿದು ತಿದಿಯೊತ್ತಿ ನುಡಿಸುವ ಪುಟ್ಟ ವಾದ್ಯ) ಮತ್ತೆ ಬಂದು ಮುಳ್ಳುಹಂದಿಯ ಪದ್ಯವನ್ನು ಮುಂದುವರಿಸುತ್ತಾರೆ. ಆಲ್ಬಂ ಮುಗಿಯುವುದು ಅವರ ನಗುವಿನೊಂದಿಗೆ.

ಬಿಡುಗಡೆಯ ದಿನವೇ ವಯಟ್ ಮತ್ತು ಆಲ್ಫಿ ಮದುವೆಯಾದರು. ಹೊದಿಕೆಯ ಪೆನ್ಸಿಲ್ ಚಿತ್ರ ಆಲ್ಫಿಯದು. ನಂತರದ ಆಲ್ಬಂಗಳ ಹೊದಿಕೆಗಳನ್ನೂ ಅವರೇ ಬರೆಯುತ್ತಾ ಬಂದರು, ಅನೇಕ ಹಾಡುಗಳ ಸಾಹಿತ್ಯವನ್ನೂ. ಫ್ರಾನ್ಸಿನಲ್ಲಿ ಆಲ್ಬಂಗೆ ಶಾರ್ಲ್ ಕ್ರೋ ಅಕಾಡೆಮಿಯ ಪ್ರಶಸ್ತಿ ಬಂತು. ಸೆಪ್ಟೆಂಬರ್ 8ರಂದು ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ಮೇಸನ್, ಓಲ್ಡ್‌ಫೀಲ್ಡ್, ಫ್ರಿತ್, ಹಾಪರ್, ಫೇಜಾ ಮುಂತಾದವರ ಜೊತೆ ಈ ಹಾಡುಗಳನ್ನು ನುಡಿಸಿದರು. ಆ ಮುದ್ರಣ 2005ರಲ್ಲಿ ಹೊರಬಂದಿದೆ.

ಅದೇ ಹೊತ್ತಿಗೆ ಅವರು ‘ಐ ಆ್ಯಮ್ ಎ ಬಿಲೀವರ್’ ಎಂಬ ಜನಪ್ರಿಯ ಹಾಡನ್ನು ಹೊಸದಾಗಿ ಹಾಡಿದರು. ಬ್ರಿಟನ್ನಿನ ಪಟ್ಟಿಯಲ್ಲಿ ಅದು 29ನೇ ಸ್ಥಾನಕ್ಕೆ ಏರಿ ‘ಟಾಪ್ ಆಫ್ ದಿ ಪಾಪ್ಸ್’ ಟಿವಿ ಕಾರ್ಯಕ್ರಮದಿಂದ ಕರೆ ಬಂತು. ಗಾಲಿಕುರ್ಚಿ ಮನೆಮಂದಿ ಕೂತು ನೋಡುವ ಕಾರ್ಯಕ್ರಮಕ್ಕೆ ಹೊಂದುವುದಿಲ್ಲ, ಬೇರೆ ಕುರ್ಚಿಯಲ್ಲಿ ಕೂರಬೇಕು ಎಂದು ಅಲ್ಲಿನ ನಿರ್ಮಾಪಕರು ಪಟ್ಟುಹಿಡಿದರು. ವಯಟ್ ಜಗಳವಾಡಿ ತಮ್ಮ ಗಾಲಿಕುರ್ಚಿಯಲ್ಲಿಯೇ ಹಾಡಿದರು. ನಂತರ ಒಂದು ಸಂಗೀತ ಪತ್ರಿಕೆಯ ಮುಖಪುಟದಲ್ಲಿ ಅವರ ಜೊತೆಯ ವಾದಕರೆಲ್ಲ ಗಾಲಿಕುರ್ಚಿಗಳಲ್ಲಿ ಕುಳಿತ ಚಿತ್ರ ಬಂತು. ಅಪಘಾತದ ನೋವು, ಸಿಟ್ಟು ಎಲ್ಲಿ ಎಂದು ಹುಡುಕುವವರು ಈ ಜಗಳವನ್ನು ನೋಡಬೇಕು. ವಯಟ್ ಅವರಿಗೆ ಅದು ಹಾಡಿನ ವಸ್ತುವಾಗಿರಲಿಲ್ಲ. ಎದುರಿಗಿರುವವರೊಂದಿಗೆ ಹೋರಾಡಿ ಇತ್ಯರ್ಥ ಮಾಡಿಕೊಳ್ಳಬೇಕಾದ ವಿಷಯವಾಗಿತ್ತು.

ಹೊಸದಾಗಿ ಕೇಳುವವರಿಗೆ ಒಂದು ಸಲಹೆ. ಇಡೀ ಆಲ್ಬಂ ಸುಮಾರು 40 ನಿಮಿಷ, ಮುಖಕ್ಕೆ ಮೂರರಂತೆ ಆರೇ ಹಾಡು. ಮೊಬೈಲಿನ ಆ್ಯಪ್‌ಗಳು ಹಾಡುಗಳನ್ನು ಕಲಸಿ ಕೇಳಿಸುತ್ತವೆ. ಆ ಸೌಲಭ್ಯವನ್ನು ಇಲ್ಲಿ ಆರಿಸಿಬಿಡಿ. ‘ಸೀ ಸಾಂಗ್’ ಒಂದನ್ನೇ ಕೇಳಿ ಬಿಟ್ಟರೂ ನಷ್ಟವಿಲ್ಲ, ಅದು ತನ್ನಷ್ಟಕ್ಕೆ ಪೂರ್ಣ. ಆದರೆ ‘ಅಲಿಫಿಬ್’ ಕೇಳಿದ ಮೇಲೆ ‘ಅಲೈಫ್’ ಕೇಳದೆ ಏಳಬೇಡಿ. ಮೊದಲನೆಯದು ಸುಂದರ, ಎರಡನೆಯದು ಕಿರಿಕಿರಿ, ಆದ್ದರಿಂದ ದಾಟಿಸಿಬಿಡುವ ಆಸೆಯಾಗುತ್ತದೆ. ದಾಟಿಸಿದರೆ ಆಲ್ಫಿಯ ಉತ್ತರ ತಪ್ಪಿಹೋಗುತ್ತದೆ.